ಕೂಗದವನ ದಾವೆ

"ಏನೋ ಸೂಜಿ, ನಿನ್ನ ಕಥೆ ಕದ್ಬಿಟ್ರಂತೆ? ಹೆಣದ ಮನೇಲಿ ಕದಿಯೋಕೆ ಏನಿತ್ತೋ, ಮೂಳೇನಾ?"

ಡಾಕ್ಟರು ಕೈಗವಸು ಕಳಚುತ್ತ ಕೇಳಿದರು. ಗೋಡೆಗೆ ಒರಗಿದ್ದ ವಿದ್ಯಾರ್ಥಿಗಳು ನಕ್ಕರು. ಸೂಜಿ ತಲೆ ಎತ್ತಲಿಲ್ಲ. ಕಲ್ಲಿನ ಮೇಜಿನ ಮೇಲೆ ಲಾರಿಗೆ ಸಿಕ್ಕ ಗಂಡಸೊಬ್ಬ ಮಲಗಿದ್ದ. ಸೂಜಿ ಅವನ ಹೊಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಹೊಲಿಯುತ್ತ ಎದೆಯವರೆಗೆ ಬಂದಿದ್ದ.

"ಬಾಯಿಗೂ ಹೊಲಿಗೆ ಹಾಕ್ಕೊಂಡಿದೀಯೇನೋ?"

"ನಾಳೆ ಕೋರ್ಟಿದೆ ಸಾರ್. ರಜ ಬೇಕಿತ್ತು."

"ನಿನ್ನ ಕೋರ್ಟು ಮುಗಿಯೋವರ್ಗೂ ಹೆಣ ಕಾಯುತ್ತೇನೋ, ಬೋಳಿಮಗನೆ? ಹೋಗು, ಹಾಳಾಗು. ಜಡ್ಜ್ ಮುಂದೆ ನಿಲ್ಲೋ ಮುಂಚೆ ಎರಡು ಸಲ ಸೋಪು ಹಚ್ಕೊ. ಪಾಪ, ಅವರಿಗೇನು ಕರ್ಮ."

ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ಅದೇ. ಡಾಕ್ಟರು ಬಗೆದು ನೋಡಿ ಹೋದ ಮೇಲೆ ದೇಹವನ್ನು ಹೊಲಿದು, ತೊಳೆದು, ಬಟ್ಟೆ ಸುತ್ತಿ, ಬಾಗಿಲಲ್ಲಿ ಕಾದವರ ಕೈಗೆ ಒಪ್ಪಿಸುವುದು. ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕರೆದವರಿಲ್ಲ. ಏಳನೇ ತರಗತಿವರೆಗೆ ಓದಿದ್ದ. ಹೊಲಿಯುವಾಗ ಹೆಣದ ಜೊತೆ ಮಾತಾಡುವುದು ರೂಢಿ. "ಇನ್ನೊಂದು ಗೇಣು ಕಣಪ್ಪ, ತಡ್ಕೊ" ಅನ್ನುವನು. ಹಾಗೆ ಆಡಿದ ಮಾತುಗಳನ್ನೂ ಆಡಲಾಗದೆ ಉಳಿದ ಒಂದು ಮಾತನ್ನೂ ರದ್ದಾದ ಫಾರಂಗಳ ಹಿಂಬದಿಯಲ್ಲಿ ಬರೆದಿಟ್ಟಿದ್ದ. ಆಸ್ಪತ್ರೆ ನೌಕರರ ಸಂಘದವರು ಅದನ್ನು ಸಣ್ಣ ಪುಸ್ತಕ ಮಾಡಿ ಇನ್ನೂರು ಪ್ರತಿ ಅಚ್ಚು ಹಾಕಿಸಿದ್ದರು.

ಆಡಲಾಗದೆ ಉಳಿದದ್ದು ಅವ್ವನ ವಿಷಯ.

ಅವ್ವ ಅವನ ಜೊತೆಯಲ್ಲೇ ಇದ್ದಳು. ಒಂದು ದಿನ ಅವನ ಕುಡಿತಕ್ಕೆ ಮಾತಿಗೆ ಮಾತು ಬೆಳೆದು, "ನನ್ನ ಮನೇಲಿ ಇರೋದಾದ್ರೆ ಬಾಯಿ ಮುಚ್ಕೊಂಡಿರು" ಅಂದುಬಿಟ್ಟ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಅಕ್ಕನ ಮನೆಗೆ ಹೋಗಿರುತ್ತಾಳೆ ಅಂದುಕೊಂಡ. ಹೋಗಿ ನೋಡಲಿಲ್ಲ. ಹದಿನೆಂಟನೇ ದಿನ ಬಸ್ ನಿಲ್ದಾಣದಿಂದ ಗುರುತಿಲ್ಲದ ಹೆಂಗಸೊಬ್ಬಳ ಹೆಣ ಬಂತು. ಹೊದಿಕೆ ಸರಿಸಿದರೆ ಅವ್ವ. ಮೇಜಿನ ಸುತ್ತ ಇದೇ ಡಾಕ್ಟರು, ಹನ್ನೆರಡು ವಿದ್ಯಾರ್ಥಿಗಳು. ಡಾಕ್ಟರು ಹೊಟ್ಟೆ ಬಗೆದು, "ನೋಡಿ, ಒಂದಗುಳು ಇಲ್ಲ. ನಾಲ್ಕು ದಿನದಿಂದ ತಿಂದಿಲ್ಲ. ಎಂಥ ಸೂಳೆಮಗನ್ನ ಹೆತ್ತಿದ್ಲೋ" ಅಂದರು.

ಇವಳು ನನ್ನ ತಾಯಿ ಅನ್ನಬೇಕಾದರೆ ಆ ಮಗ ನಾನೇ ಅಂತಲೂ ಅನ್ನಬೇಕಿತ್ತು. ಅವನು ಅನ್ನಲಿಲ್ಲ. ಹೊಲಿದ. ವಾರಸುದಾರರಿಲ್ಲದ ಹೆಣಗಳ ಗಾಡಿ ಬಂದಾಗ ಕಾಲಿನ ಕಡೆ ತಾನೇ ಹಿಡಿದು ಎತ್ತಿಕೊಟ್ಟ.

ಅಕ್ಕನ ಹತ್ತಿರ ಬೇರೆಯೇ ಹೇಳಿದ. ಅವ್ವ ಆಸ್ಪತ್ರೆಯಲ್ಲಿ ತೀರಿಕೊಂಡಳು, ಅಂಟುಕಾಯಿಲೆ ಅಂತ ಹೆಣ ಇಟ್ಟುಕೊಳ್ಳಲು ಬಿಡಲಿಲ್ಲ, ನಾನೇ ಮಣ್ಣು ಮಾಡಿದೆ ಅಂದ. ಎಲ್ಲಿ ತೋರಿಸು ಅಂದಾಗ ಯಾವುದೋ ಒಂದು ಮಣ್ಣುಗುಡ್ಡೆ ತೋರಿಸಿದ. ಅಕ್ಕ ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು, ಓದಲು ಬಾರದವಳು. ಪುಸ್ತಕ ಬಂದಾಗ ಮುಟ್ಟಿ ನೋಡಿ, "ಅವ್ವನ ಬಗ್ಗೆ ಬರ್ದಿದೀಯಾ?" ಅಂದಳು. "ಬರ್ದಿದೀನಿ ಅಕ್ಕ" ಅಂದ.

ಆಮೇಲೆ ಸಿನಿಮಾ ನಿರ್ದೇಶಕ ಬಂದ. ಹೆಣದ ಕೋಣೆಯ ಹೊರಗಿನ ಬೆಂಚಿನಲ್ಲಿ ಒಂಬತ್ತು ಮಧ್ಯಾಹ್ನ ಕೂತ. "ಅಣ್ಣಾ, ನಿನ್ನ ಪುಸ್ತಕ ಓದಿ ಮೂರು ದಿನ ಊಟ ಸೇರಲಿಲ್ಲ" ಅಂದ. ದಾರಕ್ಕೆ ಗಂಟು ಹಾಕುವುದು ಹೇಗೆ, ಮೂಗಿಗೆ ಏನು ಹಚ್ಚಿಕೊಳ್ಳುವುದು, ಎಲ್ಲ ಕೇಳಿ ಬರೆದುಕೊಂಡ. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಎರಡು ವರ್ಷಕ್ಕೆ ಸಿನಿಮಾ ಬಂತು. ಅದರಲ್ಲಿ ಹೆಣ ಹೊಲಿಯುವವನೊಬ್ಬ "ಇನ್ನೊಂದು ಗೇಣು ಕಣಪ್ಪ, ತಡ್ಕೊ" ಅನ್ನುತ್ತಿದ್ದ. ಅವನ ಮೇಜಿಗೂ ತಾಯಿ ಬರುತ್ತಿದ್ದಳು. 'ಕಥೆ' ಅನ್ನುವ ಕಡೆ ನಿರ್ದೇಶಕನ ಹೆಸರಿತ್ತು.

ಒಂದೇ ಒಂದು ಬದಲಾಗಿತ್ತು. ಸಿನಿಮಾದ ಮಗ ಅವ್ವಾ ಎಂದು ಕೂಗುತ್ತಾನೆ. ಡಾಕ್ಟರ ಕೈಯಿಂದ ಚಾಕು ಕಿತ್ತೆಸೆದು, ತಾಯಿಯನ್ನು ಹೆಗಲಿಗೆ ಹಾಕಿಕೊಂಡು ನಡುಬೀದಿಯಲ್ಲಿ ನಡೆಯುತ್ತಾನೆ. ಜನ ಶಿಳ್ಳೆ ಹಾಕುತ್ತಾರೆ.

ಅಕ್ಕ ಆ ಸಿನಿಮಾವನ್ನು ಮೂರು ಸಲ ನೋಡಿದಳು. ಮೂರನೇ ಸಲ ನೋಡಿ ಬಂದು ತಮ್ಮನ ತಲೆ ಸವರಿ, "ಹಂಗೆ ಹೊತ್ಕೊಂಡು ಹೋದ್ಯಲ್ಲೋ ಅವ್ವನ್ನ. ನನ್ ಹತ್ರ ಒಂದು ಮಾತು ಹೇಳ್ಲಿಲ್ಲ" ಎಂದು ಅತ್ತಳು. ಅವಳ ಕೈ ತಲೆಯ ಮೇಲಿರುವಷ್ಟು ಹೊತ್ತೂ ಅವನು ನೆಲ ನೋಡುತ್ತ ಕೂತಿದ್ದ.

ದಾವೆ ಹಾಕಿಸಿದ್ದು ಸಂಘ. ವಕೀಲೆಯೂ ಸಂಘದವಳೇ. ಅವನು ಕೇಳಿದ್ದು ಇಷ್ಟೇ: ಕಥೆ ಯಾರದು ಅಂತ ಪರದೆಯ ಮೇಲೆ ಹಾಕಲಿ. ಸಾಕ್ಷಿ ವಿಚಾರಣೆ ಏನೂ ಬೇಡ, ದಾವೆಯನ್ನು ಬಾಗಿಲಲ್ಲೇ ತಳ್ಳಿಹಾಕಿ ಎಂದು ಸಿನಿಮಾದವರು ಅರ್ಜಿ ಹಾಕಿದ್ದರು. ಆ ಅರ್ಜಿಯ ಮೇಲೆ ವಾದ ನಡೆಯುವ ದಿನ ಅಕ್ಕ ಹೋಟೆಲಿಗೆ ರಜ ಹೇಳಿ ಬಂದಳು.

"ನೀನ್ಯಾಕಕ್ಕ? ಅಲ್ಲಿ ನಮಗೇನೂ ತಿಳಿಯಲ್ಲ."

"ತಿಳೀದೇ ಇದ್ರೆ ಸುಮ್ನೆ ಕೂತಿರ್ತೀನಿ. ಅವ್ವನ ವಿಷಯ ಅಲ್ವಾ."

ಕೋರ್ಟಿನ ಕೊನೇ ಬೆಂಚಿನಲ್ಲಿ ಇಬ್ಬರೂ ಕೂತರು. ಪಕ್ಕದಲ್ಲಿದ್ದ ಹೆಂಗಸು ಮೂಗು ಅರಳಿಸಿ, ಎದ್ದು ಮುಂದಿನ ಸಾಲಿಗೆ ಹೋದಳು. ಸೂಜಿ ಎರಡು ಸಲ ಸೋಪು ಹಚ್ಚಿಕೊಂಡೇ ಬಂದಿದ್ದ.

ಸಿನಿಮಾ ಕಡೆಯ ವಕೀಲರದು ಮೆತ್ತನೆಯ ದನಿ. "ಸ್ವಾಮಿ, ಹೆಣದ ಕೋಣೆ ಯಾರ ಅಪ್ಪನ ಆಸ್ತಿಯೂ ಅಲ್ಲ. ಆ ಕೆಲಸದವರು ಕುಡಿಯುತ್ತಾರೆ, ಹೆಣದ ಜೊತೆ ಮಾತಾಡುತ್ತಾರೆ. ಅಂಥವರ ಬದುಕು ಎಲ್ಲ ಕಡೆಯೂ ಹಾಗೇ. ಇನ್ನು ತಾಯಿಯ ಸನ್ನಿವೇಶ. ಅದನ್ನೇ ಕದ್ದಿದ್ದಾರೆ ಅನ್ನುತ್ತಾರೆ. ನಲವತ್ತೊಂದನೇ ಪುಟ ಓದುತ್ತೇನೆ, ತಾವೇ ನೋಡಿ."

ಓದಿದರು. ಆತುರವಿಲ್ಲದೆ, ಒಂದೊಂದೇ ಮಾತನ್ನು ಬಿಡಿಸಿಟ್ಟು ಓದಿದರು. ಹೋಗಿ ನೋಡದೆ ಉಳಿದ ಹದಿನೆಂಟು ದಿನಗಳನ್ನು ಓದಿದರು. ಒಂದಗುಳು ಇಲ್ಲದ ಹೊಟ್ಟೆ ಓದಿದರು. "ಕಾಲಿನ ಕಡೆ ನಾನೇ ಹಿಡಿದೆ" ಎಂಬುದನ್ನು ಓದಿ ಪುಸ್ತಕ ಮಡಿಸಿದರು.

ಸೂಜಿ ಅಕ್ಕನ ಮುಖ ನೋಡಲಿಲ್ಲ. ಬೆಂಚಿನ ಮೇಲಿದ್ದ ಅವಳ ಕೈ ಕಂಡಿತು. ಸಬೂನಿನ ನೀರಿಗೆ ಬಿಳುಚಿದ, ಬಿರುಕುಬಿಟ್ಟ ಕೈ. ಅದು ಮೆಲ್ಲನೆ ಅವನಿಂದ ಆಚೆ ಸರಿಯಿತು.

"ಈಗ ಸಿನಿಮಾ ನೋಡಿ ಸ್ವಾಮಿ. ಅಲ್ಲಿ ಮಗ ಕೂಗುತ್ತಾನೆ, ಎದುರು ಬೀಳುತ್ತಾನೆ, ತಾಯಿಯನ್ನು ಹೊರುತ್ತಾನೆ. ಪುಸ್ತಕದಲ್ಲಿರುವವನು ಹೇಡಿ. ಸಿನಿಮಾದಲ್ಲಿರುವವನು ನಾಯಕ. ಒಂದು ಇನ್ನೊಂದರ ನಕಲು ಹೇಗಾದೀತು?"

ಸಂಘದ ವಕೀಲೆ ಎದ್ದಳು. "ನನ್ನ ಕಕ್ಷಿದಾರನನ್ನು ಒಮ್ಮೆ ಕಟಕಟೆಗೆ ಬಿಡಿ ಸ್ವಾಮಿ. ನಿರ್ದೇಶಕ ಎಷ್ಟು ದಿನ ಬಂದ, ಏನೇನು ಕೇಳಿದ, ಹೇಳಲಿ."

ಜಡ್ಜ್ ಪುಸ್ತಕದ ಪುಟ ತಿರುವುತ್ತ ಕೇಳಿದರು. "ಈ ಮಗ ನಿಜಕ್ಕೂ ಸುಮ್ಮನಿದ್ದನೇ?"

ವಕೀಲೆ ಕೊನೇ ಬೆಂಚಿನ ಕಡೆ ನೋಡಿ, "ಹೌದು ಸ್ವಾಮಿ" ಅಂದಳು.

"ಹಾಗಿದ್ದರೆ ಸಾಕ್ಷಿ ಯಾಕೆ? ಪುಸ್ತಕ ಓದಿದ್ದೇನೆ, ಸಿನಿಮಾ ನೋಡಿದ್ದೇನೆ. ಬಡತನ, ತಾಯಿಯ ಸಾವು, ಇವುಗಳ ಬಗ್ಗೆ ಯಾರು ಬೇಕಾದರೂ ಬರೆಯಬಹುದು. ಮೇಲ್ನೋಟಕ್ಕೇ ಎರಡೂ ಬೇರೆ. ದಾವೆಗೆ ಕಾರಣವೇ ಕಾಣುವುದಿಲ್ಲ. ವಜಾ."

ಸೂಜಿ ತನಗೇ ಗೊತ್ತಿಲ್ಲದೆ ಕೈ ಎತ್ತಿದ್ದ. "ಏಯ್, ಕೈ ಇಳಿಸು. ಮುಗೀತು ನಿಂದು" ಅಂದ ಜವಾನ. ಅಷ್ಟರಲ್ಲಿ ಮುಂದಿನ ಕೇಸು ಕೂಗಿದ್ದರು. ಯಾರದೋ ಕಾಂಪೌಂಡು ಗೋಡೆಯ ತಕರಾರು.

ವರಾಂಡದಲ್ಲಿ ವಕೀಲೆ, "ಮೇಲಿನ ಕೋರ್ಟಿಗೆ ಹೋಗೋಣ. ವಿಚಾರಣೆನೇ ಮಾಡ್ದೆ ಹಿಂಗೆ ತಳ್ಳಿಹಾಕೋದು ಸರಿಯಲ್ಲ" ಅಂದಳು.

"ಅಲ್ಲೂ ಆ ಪುಟ ಓದ್ತಾರಾ ಮೇಡಂ?"

"ಓದ್ತಾರೆ."

ಅವನು ಆಮೇಲೆ ಹೇಳುತ್ತೇನೆ ಅಂದ. ಅಕ್ಕ ಅಷ್ಟು ದೂರದಲ್ಲಿ ಕಂಬಕ್ಕೆ ಒರಗಿದ್ದಳು. ಅವನು ಹತ್ತಿರ ಹೋದ. ಬೈಯುತ್ತಾಳೆ, ಚಪ್ಪಲಿಯಲ್ಲಿ ಹೊಡೆಯುತ್ತಾಳೆ ಎಂದು ಕಾದ. ಹೊಡೆದಿದ್ದರೆ ಚೆನ್ನಾಗಿತ್ತು.

"ಏನೂ ಇರ್ಲಿಲ್ವಾ ಹೊಟ್ಟೇಲಿ?" ಅಂದಳು.

"ಇರ್ಲಿಲ್ಲ ಅಕ್ಕ."

"ನಾನು ಹೋಟ್ಲಲ್ಲಿ ದಿನಾ ಬಕೆಟ್‌ಗಟ್ಟಲೆ ಅನ್ನ ಚೆಲ್ತೀನಿ ಕಣೋ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಹಂಗಾದ್ರೆ ಇಷ್ಟು ವರ್ಷ ನಾನು ಕೂತು ಅತ್ತು ಬಂದೆನಲ್ಲ, ಆ ಗುಡ್ಡೆ ಯಾರದು?"

"ಗೊತ್ತಿಲ್ಲ ಅಕ್ಕ."

ಅವಳು ಮೆಟ್ಟಿಲಿಳಿದು ನಡೆದಳು. ನಾಲ್ಕು ಹೆಜ್ಜೆ ಹಿಂದೆ ಅವನು ನಡೆದ. ಮನೆಯ ಕಡೆ ತಿರುಗುವಲ್ಲಿ ಅವಳು ತಿರುಗಲಿಲ್ಲ. ಆ ಸಿನಿಮಾ ಇನ್ನೂ ಓಡುತ್ತಿದ್ದ ಮಂದಿರದ ಮುಂದೆ ಮಧ್ಯಾಹ್ನದ ಆಟಕ್ಕೆ ಸಾಲು ನಿಂತಿತ್ತು. ಅವಳೇ ಎರಡು ಟಿಕೆಟ್ ಕೊಂಡಳು. ಯಾಕೆ ಅಂತ ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಒಳಗೆ ಅವನ ಪಕ್ಕದಲ್ಲಿ ಕೂರದೆ ಒಂದು ಕುರ್ಚಿ ಬಿಟ್ಟು ಕೂತಳು. ತಾಯಿಯ ಹೊದಿಕೆ ಸರಿಯಿತು. ಸಿನಿಮಾದ ಮಗ ಅವ್ವಾ ಎಂದು ಕೂಗಿದ. ಮಂದಿರದ ತುಂಬ ಶಿಳ್ಳೆ ಎದ್ದಿತು. ಅಕ್ಕ ಪರದೆ ನೋಡುತ್ತಿರಲಿಲ್ಲ. ತಮ್ಮನನ್ನೇ ನೋಡುತ್ತಿದ್ದಳು.

ಸೂಜಿ ಎದ್ದುನಿಂತ.

"ಸುಳ್ಳು" ಅಂದ. ಯಾರಿಗೂ ಕೇಳಿಸಲಿಲ್ಲ. ಜನರ ಮೊಣಕಾಲು ಸರಿಸಿಕೊಂಡು ಕುರ್ಚಿಗಳ ನಡುವಿನ ದಾರಿಗೆ ಬಂದು, ನಡೆದು, ಪರದೆಯ ಕೆಳಗೆ ನಿಂತು ಜನರ ಕಡೆ ತಿರುಗಿದ. ನಾಯಕನ ಅಳುವ ಕಣ್ಣೊಂದು ಅವನ ಅಂಗಿಯ ಮೇಲೆ ಬಿತ್ತು.

"ಸುಳ್ಳು ಇದು. ನಾನು ಕೂಗ್ಲಿಲ್ಲ. ಅವಳು ನನ್ನ ಅವ್ವ. ನಾನು ಬಾಯಿ ಬಿಡ್ಲಿಲ್ಲ."

"ಕೂತ್ಕೊಳೋ, ಬೋಳಿಮಗನೆ."

"ಕುಡ್ದು ಬಂದಿದಾನೆ, ಎಳೆದು ಹಾಕ್ರೋ ಆಚೆಗೆ."

ಯಾರೋ ಎಸೆದ ನೀರಿನ ಬಾಟಲಿ ಹಣೆಗೆ ಬಡಿಯಿತು. ಟಾರ್ಚ್ ಹಿಡಿದ ಇಬ್ಬರು ಓಡಿಬಂದು ಅವನ ಕುತ್ತಿಗೆಪಟ್ಟಿ ಹಿಡಿದರು. ಎಳೆದಾಟದಲ್ಲಿ ಅಂಗಿ ಹರಿಯಿತು. ಅವನು ಪರದೆಯ ಚೌಕಟ್ಟಿನ ಮರ ಹಿಡಿದು ನಿಂತ.

"ಬಿಡ್ರೋ ಅವನ್ನ."

ಅಕ್ಕ ದಾರಿಯ ನಡುವೆ ನಿಂತಿದ್ದಳು. ಅವಳ ದನಿಯಲ್ಲಿ ಕ್ಷಮೆ ಇರಲಿಲ್ಲ.

"ಇನ್ನೂ ಮುಗಿಸಿಲ್ಲ ಅವನು. ಮುಗಿಸ್ಲಿ. ನೀವೂ ಕೇಳಿ."

ಟಾರ್ಚಿನವರು ಹಿಡಿದ ಕೈ ಬಿಡಲಿಲ್ಲ. ಸೂಜಿ ಹಣೆಯ ರಕ್ತ ಒರೆಸಿಕೊಳ್ಳದೆ, ಕತ್ತಲೊಳಗಿನ ಆ ಮುಖಗಳಿಗೆ, ಅವ್ವ ಚಪ್ಪಲಿ ಮೆಟ್ಟಿಕೊಂಡು ಹೋದ ದಿನದಿಂದ ಹೇಳತೊಡಗಿದ.