ಸಡಿಲು ಬಿಟ್ಟ ನಟ್ಟು

ಮೂರನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿರುವಾಗ ಹೊರಗೆ ಹಾಲಿನ ಕಾಶಪ್ಪನ ದನಿ ಕೇಳಿಸಿತು. ಇಷ್ಟು ಹೊತ್ತಿಗೆ ಅವನು ಜಮಖಂಡಿಯಲ್ಲಿ ಮನೆಮನೆಗೆ ಹಾಲು ಅಳೆಯುತ್ತಿರಬೇಕಿತ್ತು. ರಾಜಶ್ರೀ ರೊಟ್ಟಿ ನೋಡಿಕೊಳ್ಳುವಂತೆ ಮಗಳು ಅಕ್ಷತಾಳಿಗೆ ಹೇಳಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕಾಶಪ್ಪ ಮೋಟರ್ ಸೈಕಲ್ ತಳ್ಳಿಕೊಂಡು ಬಂದು ಕಟ್ಟೆಯ ಮುಂದೆ ಏದುಸಿರು ಬಿಡುತ್ತ ನಿಂತಿದ್ದ. ಹಿಂದಿನ ಗಾಲಿಯಲ್ಲಿ ಗಾಳಿಯೇ ಇರಲಿಲ್ಲ.

ಬನಹಟ್ಟಿಯ ಆ ಮನೆಯಲ್ಲಿ ಒಳಗೆ ಮಗ್ಗ, ಹೊರಗಿನ ಕಟ್ಟೆಯ ಮೇಲೆ ಪಂಚರ್ ಅಂಗಡಿ. ಮಗ್ಗ ಅತ್ತೆ ಶಂಕ್ರೆವ್ವನದು. ಅಂಗಡಿ ಗಂಡ ಸೋಮಲಿಂಗನದು. ಆದರೆ ಕಬ್ಬಿನ ಹಂಗಾಮಿನಲ್ಲಿ ಅವನು ಮುಧೋಳದ ಕಡೆ ಟ್ರ್ಯಾಕ್ಟರ್ ಹೊಡೆಯಲು ಹೋಗುತ್ತಿದ್ದ. ಆ ತಿಂಗಳುಗಳಲ್ಲಿ ಅಂಗಡಿ ರಾಜಶ್ರೀಯದು. ನಾಲ್ಕು ವರ್ಷಗಳಿಂದ ಹೀಗೆಯೇ ನಡೆದಿತ್ತು. ಅವಳು ಹಾಕಿದ ಟ್ಯೂಬು ಕೆಟ್ಟಿತೆಂದು ಯಾರೂ ಮರಳಿ ಬಂದಿರಲಿಲ್ಲ, ಹೋದ ವಾರದವರೆಗೆ.

ಹೋದ ವಾರ ಕೊರಿಯರ್ ದಶರಥನ ಗಾಡಿಯ ಟ್ಯೂಬಿಗೆ ಗಾಳಿ ತುಂಬುವ ಕೊಳವೆ, ಆ ವಾಲು, ಬುಡದಲ್ಲೇ ಕಿತ್ತು ಬಂದಿತ್ತು. ಟ್ಯೂಬೇ ಹಳೆಯದೇನೋ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಈಗ ಕಾಶಪ್ಪನದು. ಸೋಮವಾರವಷ್ಟೇ ಹೊಸ ಟ್ಯೂಬು ಹಾಕಿ, ರಾತ್ರಿ ಗಾಡಿ ಇಲ್ಲೇ ನಿಂತು, ಮುಂಜಾನೆ ಅವನು ಒಯ್ದಿದ್ದ. ಇವತ್ತು ತುಂಬಿದ ಕ್ಯಾನುಗಳೊಂದಿಗೆ ಹೊರಟವನು ಎಮ್ಮೆ ಅಡ್ಡ ಬಂತೆಂದು ಬ್ರೇಕ್ ಒತ್ತಿದ್ದಾನೆ. ಬುಸ್ ಎಂದಿದೆ. ಗಾಡಿ ಎಡಕ್ಕೂ ಬಲಕ್ಕೂ ಹೊಯ್ದಾಡಿದೆ. ಕಾಲು ಊರಿದ್ದರಿಂದ ಬೀಳಲಿಲ್ಲ. ಕ್ಯಾನುಗಳನ್ನು ಯಾವುದೋ ಟೆಂಪೋದಲ್ಲಿ ಕಳಿಸಿ ಬಂದಿದ್ದ.

ಎದುರಿಗಿದ್ದ ಚಹಾದ ಅಂಗಡಿಯಿಂದ ಈರಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಗಿರಾಕಿಗಳಿಗೆ ಕೇಳುವಂತೆ ತನ್ನ ಹಳೆಯ ಮಾತನ್ನೇ ಮತ್ತೆ ಆಡಿದ.

"ನಾ ಹೇಳೇನಲ್ಲಪಾ, ನಟ್ ಬಿಗಿ ಮಾಡಾಕ ಗಂಡಮಕ್ಕಳ ಕೈನ ಬೇಕು."

ಹದಿನೈದು ದಿನಗಳ ಹಿಂದೆ ತನ್ನ ಗಾಡಿಯ ವಾಲಿನ ನಟ್ಟು ಸಡಿಲ ಇದ್ದುದನ್ನು ಅವನು ಕಂಡಿದ್ದ. ಅಂದಿನಿಂದ ದಿನಕ್ಕೊಮ್ಮೆಯಾದರೂ ಈ ಮಾತು ಬರುತ್ತಿತ್ತು. ಅದನ್ನು ತಾನು ಬೇಕೆಂದೇ ಸಡಿಲು ಬಿಡುವುದೆಂದು ರಾಜಶ್ರೀ ಒಮ್ಮೆಯೂ ಹೇಳಲಿಲ್ಲ. ತಿಳಿದವರಿಗೆ ತಿಳಿದಿರುತ್ತದೆ, ಅವನ ಬಾಯಿಗೆ ಬಾಯಿ ಕೊಡುವುದೇಕೆ ಎಂದು ಸುಮ್ಮನಿದ್ದಳು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಪಾಟಿಚೀಲ ಹಾಕಿಕೊಂಡು ನಿಂತಿರುತ್ತಿದ್ದ ಮಗಳ ಮುಖವನ್ನು ಅವಳು ನೋಡಿರಲಿಲ್ಲ.

ಕೈ ತೊಳೆದು ಬಂದು ಗಾಲಿ ಬಿಚ್ಚಲು ಕೂತಳು. ಮೊದಲು ವಾಲಿನ ನಟ್ಟಿಗೆ ಬೆರಳು ಹಚ್ಚಿದಳು. ಅದು ಅಲುಗಲಿಲ್ಲ. ರಿಮ್ಮಿಗೆ ಕಚ್ಚಿ ಕೂತಿತ್ತು. ಬಗ್ಗಿ ನೋಡಿದರೆ ನಟ್ಟಿನ ಅಂಚಿನಲ್ಲಿ ಇಕ್ಕಳ ಕಚ್ಚಿದ, ಪಕ್ಕಡದ ಹಲ್ಲಿನ ಗುರುತು. ಅವಳು ಈ ನಟ್ಟಿಗೆ ಎಂದೂ ಪಕ್ಕಡ ಹಚ್ಚಿದವಳಲ್ಲ. ಟ್ಯೂಬು ಎಳೆದು ತೆಗೆದಾಗ ವಾಲಿನ ಬುಡ ಅರ್ಧಚಂದ್ರದ ಹಾಗೆ ಹರಿದಿತ್ತು. ದಶರಥನದೂ ಹೀಗೆಯೇ ಹರಿದಿತ್ತು. ಅಂದು ಅವಸರದಲ್ಲಿ ನಟ್ಟನ್ನು ನೋಡದೆ ಬಿಚ್ಚಿಬಿಟ್ಟಿದ್ದಳು.

ಇದಕ್ಕೆ ಯಾರಾದರೂ ಕೈ ಹಚ್ಚಿದ್ದರೇ ಎಂದು ಕಾಶಪ್ಪನನ್ನು ಕೇಳಿದಳು. ಅವನು ಹಾಲಿನ ಆಣೆ ಮಾಡಿ ಇಲ್ಲವೆಂದ.

ರಾಜಶ್ರೀ ತಲೆ ಎತ್ತಿದಳು. ಬಾಗಿಲಲ್ಲಿ ಅಕ್ಷತಾ ನಿಂತಿದ್ದಳು. ಕೈಯಲ್ಲಿ ಸೀದ ರೊಟ್ಟಿ. ಅದು ಸೀದದ್ದು ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಹರಿದ ಟ್ಯೂಬನ್ನೇ ನೋಡುತ್ತಿದ್ದವಳು ಅವ್ವನ ಕಣ್ಣು ತಾಗಿದೊಡನೆ ನೆಲ ನೋಡಿದಳು.

ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಶಂಕ್ರೆವ್ವ ದಿನಾ ಮುಂಜಾನೆ ಮೊಮ್ಮಗಳ ಬೆರಳು ಹಿಡಿದು ಹಾಸಿನ ಎಳೆಗಳ ಮೇಲೆ ಇಡುತ್ತಿದ್ದಳು. ಬಿಗಿ ಇದೆಯೋ ಇಲ್ಲವೋ ನೋಡು ಎನ್ನುತ್ತಿದ್ದಳು. ಒಂದು ಕಡೆ ಸಡಿಲಾದರೆ ಇಡೀ ಸೀರೆ ಕೆಟ್ಟಿತು. ಆ ಮನೆಯಲ್ಲಿ ಬಿಗಿ ಎಂದರೆ ಒಳ್ಳೆಯ ಕೆಲಸ, ಸಡಿಲು ಎಂದರೆ ಸೋಮಾರಿತನ. ಹನ್ನೊಂದು ವರ್ಷದ ಹುಡುಗಿಗೆ ಅದಕ್ಕಿಂತ ಬೇರೆ ಅರ್ಥವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ರಾಜಶ್ರೀಗೆ ಒಂದೊಂದಾಗಿ ಹೊಳೆಯಿತು. ಈರಪ್ಪನ ಮಾತು, ತನ್ನ ಮೌನ, ಹುಡುಗಿಯ ಕೈಗೆ ಎಟುಕುವಂತೆ ಮೊಳೆಗೆ ತೂಗುಹಾಕಿದ ಪಕ್ಕಡ. ಸಿಟ್ಟು ಬರಲಿಲ್ಲ. ಈಗ ಕೇಳಿದರೆ ಹುಡುಗಿ ಅಳುತ್ತಾಳೆ, ಎದುರಿಗೆ ಈರಪ್ಪ ಕೂತಿದ್ದಾನೆ. ಸಿಕ್ಕುಬಿದ್ದ ನೂಲನ್ನು ಎಳೆದರೆ ಗಂಟು ಇನ್ನೂ ಬಿಗಿಯುತ್ತದೆ. ಅವಳು ಬರೀ ಇಷ್ಟು ಹೇಳಿದಳು: "ಅಕ್ಷೂ, ಪಾವಡರ್ ಡಬ್ಬಿ ತಗೊಂಡ ಬಾರವಾ. ನೀ ಇಲ್ಲೇ ಕುಂದ್ರು."

ಅಕ್ಷತಾ ರೊಟ್ಟಿ ಒಳಗಿಟ್ಟು, ಡಬ್ಬಿ ತಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು.

ರಾಜಶ್ರೀ ಟೈರಿನ ಒಳಗೆ ಸುತ್ತಲೂ ನಿಧಾನವಾಗಿ ಬೆರಳಾಡಿಸಿದಳು. ಜಾಲಿಮುಳ್ಳಿನ ಒಂದು ತುದಿ ಒಳಗುಳಿದಿದ್ದರೂ ಹೊಸ ಟ್ಯೂಬು ಎರಡು ದಿನ ಬಾಳುವುದಿಲ್ಲ. ರಿಮ್ಮಿನ ರಬ್ಬರ್ ಪಟ್ಟಿ ಕಡ್ಡಿಗಳ ತುದಿಯ ಮೇಲೆ ಸರಿಯಾಗಿ ಕೂತಿದೆಯೇ ನೋಡಿದಳು. ಟ್ಯೂಬು ದುಂಡಗಾಗುವಷ್ಟೇ ಗಾಳಿ ಹಾಕಿ, ಅದಕ್ಕೆ ಕೂಸಿಗೆ ಸವರುವ ಹಾಗೆ ಪಾವಡರ್ ಸವರಿದಳು. ವಾಲನ್ನು ತೂತಿನಲ್ಲಿ ನೆಟ್ಟಗೆ ಇಳಿಸಿದಳು. ಅದು ಒಳಕ್ಕೆ ಜಾರದಿರಲೆಂದು ನಟ್ಟನ್ನು ಎರಡೇ ಸುತ್ತು ತಿರುವಿದಳು. ಟೈರಿನ ಅಂಚನ್ನು ವಾಲಿನ ಎದುರು ಬದಿಯಿಂದ ಒಳಗೆ ಹಾಕುತ್ತ ಬಂದು ವಾಲಿನ ಹತ್ತಿರ ಮುಗಿಸಿದಳು. ಟ್ಯೂಬಿನ ತುಣುಕು ಅಂಚಿನಡಿ ಸಿಕ್ಕಿರಬಾರದೆಂದು ಕೊನೆಗೆ ವಾಲನ್ನು ಒಮ್ಮೆ ಒಳಗೆ ದೂಡಿ ಹೊರಗೆ ಬಿಟ್ಟಳು.

ಗಾಳಿ ತುಂಬಿ, ಬಿಟ್ಟು, ಮತ್ತೆ ತುಂಬಿದ ಮೇಲೆ ನಟ್ಟನ್ನು ರಿಮ್ಮಿನಿಂದ ಹಿಂದಕ್ಕೆ ತಿರುವಿ ಮೇಲಕ್ಕೆ ತಂದು ವಾಲಿನ ಬಾಯಿಯ ಟೋಪಿಗೆ ತಾಗಿಸಿಟ್ಟಳು. ಕಾಶಪ್ಪ ಅದನ್ನು ನೋಡಿ, ಸಡಿಲೇ ಬಿಟ್ಟೆಯಲ್ಲ ಎಂದ.

ಅವಳು ಉತ್ತರ ಕೊಟ್ಟದ್ದು ಅವನಿಗೆ. ಆದರೆ ರಸ್ತೆಯಾಚೆಗೂ ಕೇಳುವಂತೆ, ಪಕ್ಕದಲ್ಲಿದ್ದವಳಿಗೆ ತಿಳಿಯುವಂತೆ, ಬಿಡಿಸಿ ಹೇಳಿದಳು.

"ಭಾರ ಹೇರಿ ಬ್ರೇಕ್ ಒತ್ತಿದಾಗ ಟೈರು ರಿಮ್ ಮ್ಯಾಲ ಒಂದೀಟ ಜಾರತೈತಣ್ಣಾ. ಟ್ಯೂಬೂ ಅದರ ಸಂಗಾಟ ಸರೀತೈತಿ. ನಟ್ ಸಡ್ಲ ಇದ್ರ ವಾಲು ಒಂದ ಕಡೆ ವಾಲತೈತಿ. ನಾವು ನೋಡಿ ಸರಿ ಮಾಡ್ಕೋಬೌದು. ಬಿಗಿ ಮಾಡಿದ್ರ ಅದಕ್ಕ ವಾಲಾಕ ಜಾಗಾನ ಇರೂದಿಲ್ಲ. ಹರದ ಬಿಡತೈತಿ."

"ವಾಲೂದು ಅದರ ಹೆಸರಿನಾಗ ಐತಿ, ಈರಪ್ಪಗ ತಿಳೀಲಿಲ್ಲ ನೋಡು," ಎಂದು ಕಾಶಪ್ಪ ನಕ್ಕ. ಚಹಾದ ಅಂಗಡಿಯಲ್ಲೂ ಯಾರೋ ನಕ್ಕರು. ಈರಪ್ಪ ಪಾತ್ರೆ ತೊಳೆಯಲು ತಿರುಗಿದ.

ಆಮೇಲೆ ಕಾಶಪ್ಪ ಸುಮ್ಮನೆ ಎಂಬಂತೆ ಕೇಳಿದ, ಇದೇ ಮುಂದಿನ ಗಾಲಿಯಾಗಿದ್ದರೆ ಏನಾಗುತ್ತಿತ್ತು ಎಂದು. ಮುಂದಿನದಾಗಿದ್ದರೆ ಕಾಲು ಊರಲೂ ಹೊತ್ತು ಸಿಗುತ್ತಿರಲಿಲ್ಲ ಎಂದು ರಾಜಶ್ರೀ ಹೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಗಾಲಿ ಎತ್ತಿ ಗಾಡಿಗೆ ಜೋಡಿಸತೊಡಗಿದಳು.

ಅಕ್ಷತಾ ಎದ್ದು ನಿಂತಳು. ವಾಲಿನ ಮೇಲೆ ಒಂದು ಬೆರಳಿಟ್ಟು ಆಚೆ ಈಚೆ ಅಲ್ಲಾಡಿಸಿದಳು. ಅದು ಅಷ್ಟಿಷ್ಟು ವಾಲಿ ಮತ್ತೆ ನೆಟ್ಟಗಾಯಿತು. ಹುಡುಗಿಯ ಗಲ್ಲದ ಮೇಲೆ ಪಾವಡರ್ ಅಂಟಿತ್ತು. ರಾಜಶ್ರೀ ಆಕ್ಸಲ್ಲಿನ ನಟ್ಟು ಬಿಗಿ ಮಾಡುತ್ತ ಅವಳ ಕಡೆ ನೋಡದೆ ಕಾದಳು. ಹೇಳಬೇಕಾದ್ದು ತಾನೇ ಬರಲಿ ಎಂದುಕೊಂಡಳು. ನಾನೇ ಮಾಡಿದೆ ಎನ್ನುತ್ತಾಳೆ, ಇಲ್ಲವೆ ಬೈತೀಯಾ ಎಂದು ಕೇಳುತ್ತಾಳೆ. ಎರಡಕ್ಕೂ ಅವಳ ಹತ್ತಿರ ಮಾತು ಸಿದ್ಧವಿತ್ತು.

ನಿನ್ನೆ ಸಂಜೆಯ ನೆನಪು ಮಾತ್ರ ರಾಜಶ್ರೀಗೆ ಬಂದಿರಲಿಲ್ಲ. ಮುಂದಿನ ಓಣಿಯ ನವೀನ ಮಾಸ್ತರರ ಗಾಡಿಗೆ ಹೊಸ ಟ್ಯೂಬು ಹಾಕಿ, ಅವರು ಬಂದರೆ ಕೊಡು ಎಂದು ಮಗಳಿಗೆ ಹೇಳಿ, ಅವಳು ಒಲೆ ಹಚ್ಚಲು ಒಳಗೆ ಹೋಗಿದ್ದಳು. ಮುಂದಿನ ಗಾಲಿಯದು. ಮಾಸ್ತರರು ದಿನಾ ಎಂಟೂವರೆಗೆ ತಮ್ಮ ಮಗಳನ್ನು ಹಿಂದೆ ಕೂರಿಸಿಕೊಂಡು ಮುಧೋಳದ ಸಾಲೆಗೆ ಹೊರಡುತ್ತಿದ್ದರು.

ಒಳಗೆ ಗೋಡೆಯ ಗಡಿಯಾರದಲ್ಲಿ ಎಂಟೂ ಹತ್ತಾಗಿತ್ತು. ಅಕ್ಷತಾ ಅವ್ವನ ಸೆರಗಿನ ತುದಿ ಹಿಡಿದಳು.

"ಅವ್ವಾ, ನವೀನ ಸರ್ ಇನ್ನಾ ಮನಿಯಾಗ ಇರತಾರೇನು?"