ಮೊದಲ ಮಳೆ

"ವಾ ಚಂದ್ರಪ್ರಭಕ್ಕ, ನಮ್ಮೂರ ಹೊಲಾನ ಕಣ್ಮುಂದ ಬಂತ್ರಿ," ಎಂದರು ಚನ್ನಮಲ್ಲಪ್ಪ. ಲ್ಯಾಪ್‌ಟಾಪಿನ ಪುಟ್ಟ ಚೌಕಗಳಲ್ಲೆಲ್ಲ ನಗು, ಚಪ್ಪಾಳೆ. ಲಾಕ್‌ಡೌನ್ ಎಂದು ಕನ್ನಡ ಬಳಗದ ಮಳೆಗಾಲದ ಓದು ಆ ವರ್ಷ ಜೂಮ್‌ನಲ್ಲಿ ನಡೆದಿತ್ತು.

ಚಂದ್ರಪ್ರಭಾ ಹಿಗ್ಗಿದರು. ಅವರು ಕನ್ನಡಕ್ಕೆ ತಂದು ಓದಿದ್ದು ಪಕ್ಕದ ಮನೆಯ ಸಿಥೆಂಬಿಲೆ ಇಂಗ್ಲಿಷಿನಲ್ಲಿ ಬರೆದ ಕಥೆ. ಜಿಂಬಾಬ್ವೆಯವಳು. ಧಾರವಾಡದಿಂದ ಪರದೇಶಕ್ಕೆ, ನೈಮೆಗನ್ನಿನ ಮಗಳ ಮನೆಗೆ ಬಂದು, ವಿಮಾನವಿಲ್ಲದೆ ಉಳಿದುಬಿಟ್ಟ ಈ ಮುದುಕಿ ಕೆಮ್ಮುತ್ತಾಳೆಂದು ಗೊತ್ತಾದ ದಿನ ಬಾಗಿಲಲ್ಲಿ ಸೂಪಿನ ಪಾತ್ರೆ ಇಟ್ಟು, ಬೆಲ್ ಒತ್ತಿ, ದೂರ ನಿಂತು ಕೈಬೀಸಿದವಳು. ಖಾಲಿ ಪಾತ್ರೆ ಹಿಂದಿರುಗಿಸಬಾರದಲ್ಲ, ಈವತ್ತು ಅದರ ತುಂಬ ಶ್ಯಾವಿಗೆ ಪಾಯಸ ಮಾಡಿಟ್ಟಿದ್ದರು.

ಕಥೆಯಲ್ಲೊಂದು ಸಾಲಿತ್ತು: ಆ ವರ್ಷ ಗುಕುರಾಹುಂಡಿ ಬಂತು, ಅಪ್ಪನನ್ನು ಕರೆದೊಯ್ದಿತು. ಮಗಳು ವಾಣಿಶ್ರೀ ಫೋನಿನಲ್ಲಿ ಅರ್ಥ ಹುಡುಕಿ, "ಹೊಟ್ಟು ತೊಳಕೊಂಡು ಹೋಗೋ ಮೊದಲ ಮಳಿ ಅಂತವ್ವಾ. ಕೆಳಗ ಇನ್ನೂ ಏನೇನೋ ಅದ, ಓದ್ಲೇನು?" ಎಂದಿದ್ದಳು.

"ಸಾಕು ಬಿಡು, ಸಿಕ್ತು."

ಮುಂಗಾರು ಬಂತು, ಅಪ್ಪನನ್ನು ಹೊಲಕ್ಕೆ ಕರೆದೊಯ್ದಿತು. 'ಹೊಲಕ್ಕೆ' ಎಂಬುದನ್ನು ಅವರೇ ಸೇರಿಸಿದ್ದರು. ಸಾಲಿಗೆ ಲಯ ಬಂದಿತ್ತು.

ಎಲ್ಲರೂ ಹೊರಟ ಮೇಲೂ, ಕೇಳಲು ಸೇರಿಕೊಂಡಿದ್ದ ಸಿಥೆಂಬಿಲೆಯ ಚೌಕ ಉಳಿದಿತ್ತು. "ನನ್ನ ಪದ ಕೇಳಿಸಲೇ ಇಲ್ಲವಲ್ಲ," ಎಂದಳು ಇಂಗ್ಲಿಷಿನಲ್ಲಿ.

"ಅದರ ಅರ್ಥ ಹಾಕಿದೆನಮ್ಮ. ಮೊದಲ ಮಳೆ ಅಂತ. ಎಲ್ಲರಿಗೂ ಊರು ನೆನಪಾಯಿತು."

"ಅದಕ್ಕೇ ನಕ್ಕರಾ?" ಎಂದಳು ಸಿಥೆಂಬಿಲೆ. "ನಾನು ಚಿಕ್ಕವಳಿದ್ದಾಗ ಸರಕಾರದ ಸೈನಿಕರು ನಮ್ಮ ಹಳ್ಳಿಗಳಿಗೆ ಬಂದು ಕೊಂದರಲ್ಲ, ಅದಕ್ಕಿದ್ದ ಹೆಸರು ಅದು. ಹೊಟ್ಟು ಅಂದರೆ ನಾವು."

ಚಂದ್ರಪ್ರಭಾ ಓದಿದ ಹಾಳೆಯನ್ನು ಬೋರಲು ಹಾಕಿದರು.

"ಪಾಪ, ನಿಮಗೆ ಹೇಗೆ ಗೊತ್ತಾಗಬೇಕು," ಎಂದಳು ಸಿಥೆಂಬಿಲೆ ಮೆಲ್ಲಗೆ. "ನಾನೇ ಹೇಳಬೇಕಿತ್ತು."

ಪಕ್ಕದಲ್ಲಿ ಕೂತಿದ್ದ ವಾಣಿಶ್ರೀ ತಲೆ ತಗ್ಗಿಸಿ ತನ್ನ ಉಗುರು ನೋಡಿಕೊಳ್ಳತೊಡಗಿದಳು.

ಇಂಥ ದಿನ ಸಿಹಿ ಕೊಡುವುದು ಹೇಗೆ? ಸಂಜೆ ಚಂದ್ರಪ್ರಭಾ ಪಾಯಸವನ್ನು ಬೇರೆ ಬೋಗುಣಿಗೆ ಸುರಿದರು. ಪಾತ್ರೆಯನ್ನು ತೊಳೆದು, ಒರೆಸಿ, ಪಕ್ಕದ ಬಾಗಿಲಲ್ಲಿಟ್ಟು, ಬೆಲ್ ಒತ್ತಿ, ದೂರ ಹೋಗಿ ನಿಂತರು. ಸಿಥೆಂಬಿಲೆ ಹೊರಗೆ ಬಂದು ಮುಚ್ಚಳ ತೆಗೆದಳು. ಒಳಗೆ ನೋಡಿ ತಲೆಯೆತ್ತಿದಳು, ಕೈಬೀಸಿದಳು.

ಚಂದ್ರಪ್ರಭಾ ಅವರ ಕೈ ಸೆರಗಿನೊಳಗೇ ಇತ್ತು.