ಆಯುಧಪೂಜೆಯ ಮರುದಿನ

ಆಯುಧಪೂಜೆ ಬಂತೆಂದರೆ ಎಕ್ಕಂಬಿಯ ಮಂಜನ ಮರಗೆಲಸದ ಶೆಡ್ಡಿನಲ್ಲಿ ಉಳಿಯಿಂದ ಸೈಕಲ್ಲಿನವರೆಗೆ ಎಲ್ಲವನ್ನೂ ಬಿಚ್ಚಿ, ಉಜ್ಜಿ, ಕುಂಕುಮ ಹಚ್ಚುವುದು ರೂಢಿ. ಈ ಸಲ ಅವನ ಹೆಂಡತಿ ದಿವ್ಯಾ ಹಳೆಯ ಕಂಪ್ಯೂಟರನ್ನೂ ಬಿಡಲಿಲ್ಲ. ಒಳಗೆಲ್ಲ ಮರದ ಹುಡಿ. ಸಂದಿ ಒರೆಸಬೇಕೆಂದು ಫ್ಯಾನನ್ನು ಜಗ್ಗಿದಳು. ನಡುವೆ ಹಚ್ಚಿದ್ದ ಪೇಸ್ಟ್ ಒಣಗಿ ಫ್ಯಾನಿಗೆ ಅಂಟಿಕೊಂಡಿದ್ದ ಪ್ರೊಸೆಸರ್ ಅದರ ಜೊತೆಗೇ ಕಿತ್ತು ಬಂತು. ಒರೆಸಿ, ಇದ್ದಲ್ಲೇ ಒತ್ತಿ ಕೂರಿಸಿದಳು. ಪೂಜೆ ಮುಗಿಸಿ ಮಂಜ ಗುಂಡಿ ಒತ್ತಿದರೆ ಪರದೆ ಕಪ್ಪಾಗಿಯೇ ಉಳಿಯಿತು.

ಸಾಮಿಲ್ಲಿನಲ್ಲಿ ಬಲಗೈಯ ಮೂರು ಬೆರಳು ಹೋದಮೇಲೆ ಮಂಜ ಉಳಿ ಹಿಡಿದವನಲ್ಲ. ಕಂಪ್ಯೂಟರು ಹೇಳಿದಂತೆ ಮರ ಕೆತ್ತುವ ಯಂತ್ರವೇ ಅವನ ಕೈ. ಅದರ ಕೇಬಲ್ಲು ಹೊಸ ಕಂಪ್ಯೂಟರುಗಳಿಗೆ ಕೂರುವುದಿಲ್ಲ. ಯಲ್ಲಾಪುರದ ವೆಂಕಟ್ರಮಣ ಅವರ ಬಾಗಿಲ ಹಲಗೆ ಅರ್ಧ ಹೂವಿನೊಂದಿಗೆ ಯಂತ್ರದ ಮೇಲೆ ಮಲಗಿತ್ತು. ಇನ್ನು ಮೂರು ದಿನಕ್ಕೆ ಅವರ ಗೃಹಪ್ರವೇಶ. ತಡವಾದರೆ ಬೇರೆಯವರಲ್ಲಿ ಮಾಡಿಸುತ್ತೇನೆಂದು ಅವರು ಮೊದಲೇ ಹೇಳಿದ್ದರು. ಮಂಜನ ಬಳಿ ಬೇರೆ ಕೆಲಸವೂ ಇರಲಿಲ್ಲ.

ಬೆಳಿಗ್ಗೆ ಇಬ್ಬರೂ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿಕೊಂಡು ಶಿರಸಿಯ ಬಸ್ಸು ಹತ್ತಿದರು. ಮೀನು ಮಾರುವ ಹೆಂಗಸೊಬ್ಬಳು ತನ್ನ ಬುಟ್ಟಿಯನ್ನು ಕಾಲಸಂದಿಗೆ ಎಳೆದುಕೊಂಡು ಕಂಬಳಿಯ ಗಂಟಿಗೆ ಜಾಗ ಮಾಡಿಕೊಟ್ಟಳು.

ರಿಪೇರಿ ಅಂಗಡಿಯ ಸುಹಾಸ ಹೆಗಡೆ ಪ್ರೊಸೆಸರ್ ತೆಗೆದು ಬೆಳಕಿಗೆ ಹಿಡಿದ. ಅಡಿಯಲ್ಲಿ ಕೂದಲಿನಂಥ ಪಿನ್ನುಗಳ ಸಾಲು. ಒಂದು ಮೂಲೆಯವು ಗಾಳಿಗೆ ಬಿದ್ದ ಭತ್ತದ ಹಾಗೆ ಒರಗಿದ್ದವು.

"ಹಬ್ಬ ಅಂತ ಇದಕ್ಕೂ ಎಣ್ಣೆಸ್ನಾನ ಮಾಡ್ಸಿದ್ರಾ ಮಾರಾಯ್ರೆ? ಪೇಸ್ಟ್ ಬಿಸಿ ಮಾಡಿ ಸಡಿಲಿಸ್ದೆ ಜಗ್ಗಿದ್ದು ಯಾರು?"

ದಿವ್ಯಾ ಬಾಯಿ ತೆರೆಯುವಷ್ಟರಲ್ಲಿ ಮಂಜ, "ನಾನೇ ಹೆಗಡೇರೆ. ಗಡಿಬಿಡೀಲಿ ಎಳ್ದೆ," ಎಂದ. ಅವಳತ್ತ ತಿರುಗಲೂ ಇಲ್ಲ.

"ನೀ ಯಂತ್ರ ನಡ್ಸೂದಾ, ಎತ್ತು ಹೂಡೂದಾ?"

ಮಂಜ ನಕ್ಕ. ದಿವ್ಯಾ ನೆಲ ನೋಡಿದಳು.

ಸುಹಾಸ ಗುಂಡಿ ಒತ್ತುವ ಪೆನ್ಸಿಲ್ಲಿನ ಕಡ್ಡಿ ತೆಗೆದು, ಅದರ ತೂತಿಗೆ ಒಂದೊಂದೇ ಪಿನ್ನನ್ನು ಸೇರಿಸಿ ಮೆಲ್ಲಗೆ ಎತ್ತುತ್ತ ಹೋದ. ತರಿಸಿದ ಚಾ ಆರಿತು. ಕಡೆಯ ಪಿನ್ನು ಬುಡದಲ್ಲೇ ಮಡಚಿಕೊಂಡಿತ್ತು. ಉಸಿರು ಬಿಗಿಹಿಡಿದು ಅದನ್ನೂ ಎತ್ತಿದ. ಅದು ಮುರಿದು ಪೆನ್ಸಿಲ್ಲಿನ ತುದಿಯಲ್ಲೇ ಉಳಿಯಿತು.

"ಒಂದೊಂದ್ಸಲ ಒಂದು ಪಿನ್ ಇಲ್ದಿದ್ರೂ ನಡೀತದೆ," ಎನ್ನುತ್ತ ಕೂರಿಸಿ ನೋಡಿದ. ಫ್ಯಾನು ತಿರುಗಿತು, ಪರದೆ ಬೆಳಗಲಿಲ್ಲ. ಅವನ ಮುಖ ಸಣ್ಣದಾಯಿತು. "ನನ್ ಕೈಯಲ್ಲೇ ಹೋಯ್ತಲ. ಹುಬ್ಬಳ್ಳಿಲಿ ಹಳೇದು ಹುಡುಕಿಸ್ತೇನೆ. ಆದ್ರೆ ನೀವು ಹೇಳ್ದಂಗೆ ನಾಡಿದ್ದಿಗೆ ಆಗೂದಿಲ್ಲ."

"ನಿಮ್ ತಪ್ಪಲ್ಲ ಹೆಗಡೇರೆ," ಎಂದಳು ದಿವ್ಯಾ. "ಮೊದ್ಲೇ ಮುರ್ದಂಗೇ ಇತ್ತು. ಜಗ್ಗಿದ್ದು ಇವ್ರಲ್ಲ, ನಾನು."

ಸುಹಾಸ ಮಂಜನ ಮುಖ ನೋಡಿದ. ಆಮೇಲೆ ಕಂಬಳಿಯನ್ನು ತಾನೇ ಸುತ್ತಿಕೊಟ್ಟ.

ಮನೆಗೆ ಬಂದವನೇ ಮಂಜ ವೆಂಕಟ್ರಮಣ ಅವರಿಗೆ ಫೋನು ಮಾಡಿ, ಸಂಜೆಯೇ ಬಂದು ಹಲಗೆ ಒಯ್ಯಿರಿ ಎಂದ. ಗೋಡೆಯ ಉಳಿಯನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ನೋಡಿದ. ಕುಂಕುಮದ ಬೊಟ್ಟು ಕೈಗಂಟಿತು. ಉಳಿಯನ್ನು ಮೊಳೆಗೆ ತೂಗುಹಾಕಿ, ಪಾಲಿಶ್ ಪೇಪರ್ ತೆಗೆದುಕೊಂಡು ಆ ಅರ್ಧ ಹೂವಿನ ಅಂಚು ಉಜ್ಜತೊಡಗಿದ.

"ಎಂತಕೆ ಅದು? ಹ್ಯಾಂಗೂ ಒಯ್ತಾರಲ," ಎಂದಳು ದಿವ್ಯಾ.

"ಮುಂದೆ ಕೆತ್ತೋನ ಕೈಗೆ ಸಿಬಿರು ಚುಚ್ಬಾರ್ದು."

ದಿವ್ಯಾ ಇನ್ನೊಂದು ಚೂರು ಪೇಪರ್ ಹರಿದುಕೊಂಡು ಎದುರು ಕೂತಳು. ಹೊರಗೆ ಗಾಡಿಯ ಹಾರ್ನು ಕೇಳುವವರೆಗೂ ಇಬ್ಬರೂ ಉಜ್ಜಿದರು.